ಸ್ಲೈಡು ಕೊಡುತ್ತೇನೆ, ಕ್ಲಾಸಿಗೂ ಬನ್ನಿ

ಲಂಡನ್ನಿನ ವಿಶ್ವವಿದ್ಯಾಲಯಗಳಿಗೆ ಈ ವರ್ಷ ಓದಲು ಬಂದಿರುವ ಕನ್ನಡದ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಸೆಪ್ಟೆಂಬರ್ ಕೊನೆಗೆ ಟರ್ಮ್ ಶುರುವಾಗುತ್ತಿದ್ದಂತೆ ನಿಮ್ಮಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಮೇಡಂ, ಸ್ಲೈಡ್ಸ್ ಅಪ್‌ಲೋಡ್ ಮಾಡ್ತೀರಾ?’ ಮಾಡುತ್ತೇನೆ. ಕ್ಲಾಸಿಗೆ ಎರಡು ದಿನ ಮೊದಲೇ ಮಾಡುತ್ತೇನೆ. ಬಂದವರಿಗೆ ಒಂದು, ಬಾರದವರಿಗೆ ಒಂದು ಎಂಬ ಪಂಕ್ತಿಭೇದ ಇಲ್ಲ. ಆದರೆ ಆ ಪ್ರಶ್ನೆಯ ಬೆನ್ನಿಗೇ ನೀವು ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ನಿಂತಿರುತ್ತದೆ. ಸ್ಲೈಡು ಕೈಗೆ ಸಿಕ್ಕ ಮೇಲೆ, ರೆಕಾರ್ಡಿಂಗೂ ಇದ್ದ ಮೇಲೆ, ಈಸ್ಟ್ ಹ್ಯಾಮಿನಿಂದಲೋ ಹೌನ್ಸ್ಲೋದಿಂದಲೋ ಒಂದು ಗಂಟೆ ರೈಲಿನಲ್ಲಿ ನಿಂತುಕೊಂಡು ಕ್ಲಾಸಿಗೆ ಬರುವುದೇಕೆ? ನಾನು ಕರ್ನಾಟಕದಲ್ಲಿ ಓದಿ, ಈಗ ಈ ಊರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಹೊಣೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಲೈಡಿನ ಮಾತು ಮುಗಿಸೋಣ. ಮೊದಲೇ ಕೊಟ್ಟರೆ ಕ್ಲಾಸು ಖಾಲಿಯಾಗುತ್ತದೆ ಎನ್ನುವ ಮೇಷ್ಟ್ರುಗಳು ಊರಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಬೇಕೆಂದೇ ಅಲ್ಲಲ್ಲಿ ಪದ ಬಿಟ್ಟು ಕೊಡುವವರಿದ್ದಾರೆ. ಪರೀಕ್ಷೆಯ ಹಿಂದಿನ ವಾರದ ತನಕ ಸತಾಯಿಸುವವರಿದ್ದಾರೆ. ನೂರಿಪ್ಪತ್ತು ಜನರ ಹಾಲಿನಲ್ಲಿ ಮೂವತ್ತು ತಲೆ ಕಂಡಾಗ ಆಗುವ ಬೇಸರ ಸಣ್ಣದಲ್ಲ, ಅವರ ಸಂಕಟ ನನಗೂ ಗೊತ್ತು. ಆದರೆ ಸ್ಲೈಡು ತಡೆಹಿಡಿದರೆ ಸೋಮಾರಿಗೆ ಏನೂ ನಷ್ಟವಿಲ್ಲ. ಅವನಿಗೆ ಗೆಳೆಯರ ವಾಟ್ಸ್ಯಾಪ್ ಗುಂಪು ಇದ್ದೇ ಇದೆ. ಪೆಟ್ಟು ಬೀಳುವುದು ಬೇರೆಯವರಿಗೆ: ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಡಿಸ್ಲೆಕ್ಸಿಯಾ ಇರುವ ಹುಡುಗಿಗೆ, ಹಿಂದಿನ ಸಾಲಿನಿಂದ ಪರದೆ ಕಾಣದವನಿಗೆ, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಗ್ಲಾಸ್ಗೋದ ಪ್ರೊಫೆಸರರೊಬ್ಬರ ಇಂಗ್ಲಿಷನ್ನು ಮೊದಲ ಬಾರಿ ಕೇಳುತ್ತಿರುವವಳಿಗೆ. ಇಂಥವರು ಹಿಂದಿನ ರಾತ್ರಿ ಸ್ಲೈಡು ನೋಡಿ ಗೊತ್ತಿಲ್ಲದ ಪದಗಳನ್ನು ಹುಡುಕಿಟ್ಟುಕೊಂಡು ಬಂದರೆ ಮಾರನೆಯ ದಿನ ಮಾತು ಕಿವಿಗೆ ಬೀಳುತ್ತದೆ. ಇಲ್ಲದಿದ್ದರೆ ಬರೀ ಸದ್ದು ಬೀಳುತ್ತದೆ.

ಇಲ್ಲಿ ಇದು ಮೇಷ್ಟ್ರ ಔದಾರ್ಯಕ್ಕೆ ಮಾತ್ರ ಬಿಟ್ಟ ವಿಷಯವೂ ಅಲ್ಲ. 2010ರ ಸಮಾನತಾ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವ ವಿದ್ಯಾರ್ಥಿಗೆ ತಕ್ಕ ಅನುಕೂಲ ಮಾಡಿಕೊಡುವುದು ವಿಶ್ವವಿದ್ಯಾಲಯದ ಕರ್ತವ್ಯ, ಡಿಸ್ಲೆಕ್ಸಿಯಾ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಹಿಂದೆ ಇಂಥವರ ಪರವಾಗಿ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದುಕೊಡುವವರಿಗೆ ಇಂಗ್ಲೆಂಡಿನಲ್ಲಿ ಸರ್ಕಾರದ ಭತ್ಯೆಯಿಂದ ಹಣ ಸಿಗುತ್ತಿತ್ತು. 2016ರಲ್ಲಿ ಆ ಹಣವನ್ನು ಬಹುಮಟ್ಟಿಗೆ ನಿಲ್ಲಿಸಿ ಹೊಣೆಯನ್ನು ವಿಶ್ವವಿದ್ಯಾಲಯಗಳ ಮೇಲೆ ಹಾಕಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಏರ್ಪಾಟು ಮಾಡುವುದಕ್ಕಿಂತ ಎಲ್ಲರಿಗೂ ಸ್ಲೈಡು ಕೊಡುವುದು, ಎಲ್ಲ ಪಾಠ ರೆಕಾರ್ಡ್ ಮಾಡುವುದು ಸುಲಭ ಎಂಬ ತಿಳಿವಳಿಕೆ ಬೆಳೆಯುವುದಕ್ಕೆ ಇದೂ ಒಂದು ಕಾರಣವಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ‘ಲೆಕ್ಚರ್‌ಕಾಸ್ಟ್’ ಎಂಬ ರೆಕಾರ್ಡಿಂಗ್ ವ್ಯವಸ್ಥೆ ಇದೆ. ಕಿಂಗ್ಸ್ ಕಾಲೇಜಿನ ಆನ್‌ಲೈನ್ ಪಾಠದ ತಾಣದ ಹೆಸರು ‘ಕೀಟ್ಸ್’. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಬಾಗಿಲು ಮುಚ್ಚಿದ ಮೇಲಂತೂ ರೆಕಾರ್ಡಿಂಗ್ ಇಲ್ಲದ ಪಾಠವೇ ಅಪರೂಪವಾಯಿತು.

ಪಾಠವನ್ನು ಬರಹದಲ್ಲಿ ಹಂಚಿದರೆ ಕೇಳುವವರು ಇಲ್ಲವಾಗುತ್ತಾರೆ ಎಂಬ ಭಯಕ್ಕೆ ನಮ್ಮ ನಾಡಿನ ಅನುಭವವೇ ಉತ್ತರ ಕೊಟ್ಟಿದೆ. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಅಂಥ ಉಪನ್ಯಾಸಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚಾಗುತ್ತಿದ್ದವು. ಪುಸ್ತಕ ಬಂತೆಂದು ಜನ ಉಪನ್ಯಾಸ ಕೇಳುವುದನ್ನು ಬಿಡಲಿಲ್ಲ. 1597ರಲ್ಲಿ ಸ್ಥಾಪನೆಯಾದ ಗ್ರೆಷಮ್ ಕಾಲೇಜು ಈಗ ಇಲ್ಲಿ ಹೋಬರ್ನಿನ ಬಳಿ ಇದೆ. ಪದವಿ ಕೊಡುವುದಿಲ್ಲ, ಶುಲ್ಕ ಕೇಳುವುದಿಲ್ಲ, ಬರೀ ಉಪನ್ಯಾಸ ಏರ್ಪಡಿಸುತ್ತದೆ. ಅದರ ಉಪನ್ಯಾಸಗಳ ವಿಡಿಯೋ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಸಂಜೆ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಕೂರುವವರಿದ್ದಾರೆ. ಒಂದು ಸಂಜೆ ನೀವೂ ಹೋಗಿ ಬನ್ನಿ.

ಸ್ಲೈಡು ಎಂದರೇನು ಎಂಬುದು ತಿಳಿದರೆ ಈ ಗೊಂದಲ ಅರ್ಧ ಕಳೆಯುತ್ತದೆ. ಪವರ್‌ಪಾಯಿಂಟ್ 1987ರಲ್ಲಿ ಮಾರುಕಟ್ಟೆಗೆ ಬಂದಾಗ ಅದು ಕಚೇರಿಯ ಸಭೆಗಳಲ್ಲಿ ಮಾತಾಡುವವರಿಗೆಂದು ಮಾಡಿದ ಸಲಕರಣೆಯಾಗಿತ್ತು. ಇಂದಿಗೂ ಅದರ ಜಾಯಮಾನ ಅದೇ. ಸ್ಲೈಡಿನ ಸಾಲುಗಳು ಮಾತಾಡುವವಳ ನೆನಪಿಗೆ ಇರುವ ಗುರುತು. ನಿಮ್ಮಲ್ಲಿ ದಕ್ಷಿಣ ಕನ್ನಡದವರು, ಕಾಸರಗೋಡಿನವರು ಇದ್ದರೆ, ವೇಷವಿಲ್ಲದೆ ಕೂತು ಪದ್ಯಕ್ಕೆ ಮಾತಿನಲ್ಲೇ ಅರ್ಥ ಹೇಳುವ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ಪ್ರಸಂಗದ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಪದ್ಯಗಳು ಅನೇಕರಿಗೆ ಬಾಯಿಪಾಠ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಲು ಕೂತರೆ ಜನ ರಾತ್ರಿಯಿಡೀ ಕದಲುತ್ತಿರಲಿಲ್ಲ. ನಾಲ್ಕು ಸಾಲಿನ ಪದ್ಯದಿಂದ ಅವರು ಎಂಥ ವಾದ ಎಬ್ಬಿಸುತ್ತಾರೆ, ಎದುರಿನ ಅರ್ಥಧಾರಿ ಅದನ್ನು ಹೇಗೆ ಮುರಿಯುತ್ತಾನೆ ಎಂಬುದು ಪುಸ್ತಕದಲ್ಲಿ ಇರುವುದಿಲ್ಲವಲ್ಲ. ಸ್ಲೈಡು ಪ್ರಸಂಗದ ಪುಸ್ತಕ. ಅರ್ಥಗಾರಿಕೆ ಕ್ಲಾಸಿನಲ್ಲಿ ಆಗುತ್ತದೆ, ಎದುರಿನ ಅರ್ಥಧಾರಿ ನೀವೇ.

ಮಾತಿನಲ್ಲಿ ಹೇಳಿದರೆ ಸಾಲದು, ನನ್ನದೇ ಒಂದು ಸ್ಲೈಡನ್ನು ನೋಡಿ. ಅದರಲ್ಲಿ ಇರುವುದು ಮೂರು ಸಾಲು. ಒಂದು: ಮಾರ್ಕಸ್ ಕ್ರೆಡೇ ಮತ್ತು ಇಬ್ಬರು ಸಂಗಡಿಗರು 2010ರಲ್ಲಿ ಹಾಜರಿಯ ಬಗ್ಗೆ ಅಲ್ಲಿಯ ತನಕ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಎರಡು: ಕಾಲೇಜಿನ ಅಂಕಗಳನ್ನು ಊಹಿಸಲು ಪ್ರವೇಶ ಪರೀಕ್ಷೆ, ಹೈಸ್ಕೂಲಿನ ಅಂಕ, ಓದುವ ಅಭ್ಯಾಸ ಇವೆಲ್ಲಕ್ಕಿಂತ ಕ್ಲಾಸಿನ ಹಾಜರಿ ಹೆಚ್ಚು ನೆರವಾಗುತ್ತದೆ ಎಂದು ಕಂಡರು. ಮೂರು: ಹಾಜರಿಯನ್ನು ಕಡ್ಡಾಯ ಮಾಡಿದ ಕಡೆ ಅಂಕಗಳು ಏರಿದ್ದು ಸ್ವಲ್ಪವೇ. ಇಷ್ಟನ್ನು ರೈಲಿನಲ್ಲಿ ಕೂತು ಅರ್ಧ ನಿಮಿಷದಲ್ಲಿ ಓದಬಹುದು. ಓದಿದವನು ‘ಕ್ಲಾಸಿಗೆ ಹೋದರೆ ಅಂಕ ಬರುತ್ತದೆ, ಸರಿ’ ಎಂದುಕೊಂಡು ಮುಂದಿನ ಸ್ಲೈಡಿಗೆ ಹೋಗುತ್ತಾನೆ.

ಕ್ಲಾಸಿನಲ್ಲಿ ಅದೇ ಸ್ಲೈಡಿನ ಮುಂದೆ ಮುಕ್ಕಾಲು ಗಂಟೆ ಹೋಗುತ್ತದೆ. ಒಬ್ಬಳು ಕೇಳುತ್ತಾಳೆ: ಶಿಸ್ತಿನವರು ಹೇಗಿದ್ದರೂ ಬರುತ್ತಾರೆ, ಹೇಗಿದ್ದರೂ ಅಂಕ ತೆಗೆಯುತ್ತಾರೆ. ಹಾಗಾದರೆ ಅಂಕ ಕೊಟ್ಟದ್ದು ಹಾಜರಿಯೋ ಶಿಸ್ತೋ? ಸಂಖ್ಯಾಶಾಸ್ತ್ರದ ಹೃದಯವೇ ಆ ಪ್ರಶ್ನೆ. ಅಧ್ಯಯನ ಮಾಡಿದವರೂ ಅದನ್ನು ಕೇಳಿಕೊಂಡಿದ್ದರು, ವಿದ್ಯಾರ್ಥಿಯ ಶ್ರದ್ಧೆಗೂ ಹಾಜರಿಗೂ ಇರುವ ನಂಟು ದುರ್ಬಲ ಎಂದು ಕಂಡಿದ್ದರು ಎಂದು ನಾನು ಹೇಳುತ್ತೇನೆ. ಅಷ್ಟಕ್ಕೆ ಇನ್ನೊಬ್ಬ ಎದ್ದು, ಅವೆಲ್ಲ 2010ಕ್ಕಿಂತ ಹಿಂದಿನ ಅಂಕಿಅಂಶ, ಆಗ ಇಷ್ಟು ರೆಕಾರ್ಡಿಂಗು ಎಲ್ಲಿತ್ತು ಎನ್ನುತ್ತಾನೆ. ಒಪ್ಪಬೇಕಾದ ಮಾತು. ಮೂರನೆಯವಳು ಮೂರನೆಯ ಸಾಲನ್ನು ಹಿಡಿಯುತ್ತಾಳೆ: ತಾವಾಗಿ ಬಂದವರಿಗೆ ಅಷ್ಟು ಲಾಭ, ದಬ್ಬಿ ಕೂರಿಸಿದವರಿಗೆ ಇಷ್ಟೇ ಲಾಭ ಎಂದರೆ, ಬರುವುದು ಬೇರೆ, ಬಂದು ಏನು ಮಾಡುತ್ತೇವೆ ಎಂಬುದು ಬೇರೆ ಅಲ್ಲವೇ? ಈ ಮೂರು ಪ್ರಶ್ನೆಗಳೂ ಸ್ಲೈಡಿನಲ್ಲಿ ಇಲ್ಲ. ನಾನೇ ಬರೆದು ಸೇರಿಸಿದರೆ ಅವು ನನ್ನ ಪ್ರಶ್ನೆಗಳಾಗುತ್ತವೆ, ನೀವು ಅವನ್ನೂ ಬಾಯಿಪಾಠ ಮಾಡುತ್ತೀರಿ. ನಿಮ್ಮ ತಲೆಯಲ್ಲಿ ಹುಟ್ಟಬೇಕಾದದ್ದು ಹುಟ್ಟುವುದು ಇನ್ನೊಬ್ಬರ ತಲೆಯಲ್ಲಿ ಹುಟ್ಟಿದ್ದನ್ನು ಎದುರಿಗೆ ಕಂಡಾಗ.

ರೆಕಾರ್ಡಿಂಗ್ ಇದೆಯಲ್ಲ ಎನ್ನಬಹುದು. ಇದೆ. ಅರ್ಥವಾಗದ ಹತ್ತು ನಿಮಿಷವನ್ನು ಮತ್ತೆ ಕೇಳಲು ಅದರಷ್ಟು ಒಳ್ಳೆಯ ಸಾಧನವಿಲ್ಲ. ಆದರೆ ನನ್ನ ಕೊರಳಿನ ಮೈಕು ಹಿಡಿಯುವುದು ನನ್ನ ಮಾತನ್ನು. ಆರನೆಯ ಸಾಲಿನಿಂದ ಬಂದ ಪ್ರಶ್ನೆ ಅದರಲ್ಲಿ ಗೊಣಗಾಟವಾಗಿ ಕೇಳಿಸುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಅದೂ ಇಲ್ಲ. ‘ಆಮೇಲೆ ನೋಡೋಣ’ ಎಂದು ಬಿಟ್ಟ ರೆಕಾರ್ಡಿಂಗುಗಳು ನವೆಂಬರ್ ಹೊತ್ತಿಗೆ ಸಾಲವಾಗಿ ಬೆಳೆದು ನಿಂತಿರುತ್ತವೆ.

ಕ್ಲಾಸಿಗೆ ಹೋಗದೆ ಪದವಿ ಪಡೆಯಬಹುದೇ ಎಂಬ ಪ್ರಶ್ನೆಗೆ ಹೌದು ಎಂದು ಅಧಿಕೃತವಾಗಿ ಹೇಳಿದ್ದು ಇದೇ ಊರು. 1836ರಲ್ಲಿ ಹುಟ್ಟಿದ ಲಂಡನ್ ವಿಶ್ವವಿದ್ಯಾಲಯ ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು, ಅಷ್ಟೇ. ಅದರ ಕಾಲೇಜುಗಳಲ್ಲಿ ಓದಿರಲೇಬೇಕು ಎಂಬ ನಿಯಮವನ್ನೂ 1858ರಲ್ಲಿ ವೈದ್ಯಕೀಯ ಒಂದನ್ನು ಬಿಟ್ಟು ಉಳಿದ ವಿಷಯಗಳಿಗೆ ತೆಗೆದುಹಾಕಿದರು. ಜಗತ್ತಿನ ಯಾವ ಮೂಲೆಯಲ್ಲಾದರೂ ಓದಿಕೊಂಡು ಪರೀಕ್ಷೆಗೆ ಕೂರಬಹುದು ಎಂದಾಯಿತು. ಕಾಲೇಜಿನ ಬಾಗಿಲು ತೆರೆಯದವರಿಗೆ ಇದರಿಂದ ಆದ ಉಪಕಾರ ದೊಡ್ಡದು. ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಜೈಲಿನಲ್ಲಿದ್ದುಕೊಂಡು ಕಾನೂನು ಓದಿದ್ದು ಈ ಏರ್ಪಾಟಿನಲ್ಲೇ.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ಕಟ್ಟಿದಾಗ ಬ್ರಿಟಿಷರು ಮಾದರಿಯಾಗಿ ಇಟ್ಟುಕೊಂಡದ್ದೂ ಲಂಡನ್ನನ್ನೇ. ಕಾಲೇಜು ಪಾಠ ಹೇಳಬೇಕು, ದೂರದ ವಿಶ್ವವಿದ್ಯಾಲಯ ಪ್ರಶ್ನೆಪತ್ರಿಕೆ ಕಳಿಸಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವ ತನಕ ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದ್ದದ್ದು ಮದ್ರಾಸಿನ ಅಡಿಯಲ್ಲಿ. ವಿಶ್ವೇಶ್ವರಯ್ಯನವರ ಬಿ.ಎ. ಪದವಿಯೂ ಮದ್ರಾಸಿನದೇ. ಪ್ರಶ್ನೆ ಕೇಳುವವನು ಎಲ್ಲೋ, ಪಾಠ ಹೇಳುವವನು ಎಲ್ಲೋ ಆದಾಗ ನಡುವೆ ಹುಟ್ಟುವುದು ಗೈಡು. ಕಾಲೇಜಿನ ಗೇಟಿನ ಎದುರು ಜೆರಾಕ್ಸ್ ಅಂಗಡಿ, ಅಲ್ಲಿ ಸೀನಿಯರ್‌ಗಳ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಒಳಗೆ ಮೇಷ್ಟ್ರ ಡಿಕ್ಟೇಷನ್ನು, ಕೊನೆಗೆ ಶೇಕಡಾ 75 ಹಾಜರಿ ತುಂಬದೆ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು. ನಾವೆಲ್ಲ ಬೆಳೆದದ್ದು ಹೀಗೆ. ಸ್ಲೈಡನ್ನು ನೀವು ಆ ನೋಟ್ಸಿನ ಜಾಗದಲ್ಲಿ ಕೂರಿಸಿದರೆ ಆಶ್ಚರ್ಯವಿಲ್ಲ.

ಆದರೆ ಇಲ್ಲಿ ಒಂದು ಲೆಕ್ಕ ಮಾಡಿ. ಲಂಡನ್ ವಿಶ್ವವಿದ್ಯಾಲಯದ ದೂರಶಿಕ್ಷಣ ಇಂದಿಗೂ ಇದೆ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಮನೆಯ ಊಟ ಮಾಡಿಕೊಂಡು ಅದರ ಪದವಿ ಪಡೆಯಬಹುದು, ವೀಸಾ ಬೇಡ, ಬಾಡಿಗೆ ಬೇಡ. ಸ್ಲೈಡು, ವಿಡಿಯೋ, ಪರೀಕ್ಷೆ ಇಷ್ಟೇ ಸಾಕಾಗಿದ್ದರೆ ಆ ದಾರಿಯೇ ಅಗ್ಗ. ಅಪ್ಪನ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಇಷ್ಟು ದೂರ ಬಂದಿದ್ದೀರಿ ಎಂದರೆ ನಿಮಗೆ ಅದಕ್ಕಿಂತ ಹೆಚ್ಚಿನದು ಏನೋ ಬೇಕಿತ್ತು. ಆ ಹೆಚ್ಚಿನದು ಇರುವ ಜಾಗಗಳಲ್ಲಿ ಕ್ಲಾಸು ಒಂದು. ಬಂದ ಮೇಲೆ ಇಲ್ಫರ್ಡಿನ ಕೋಣೆಯಲ್ಲಿ ಕೂತು ಸ್ಲೈಡು ನೋಡುವುದೆಂದರೆ ಹಾಸನದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಲಂಡನ್ನಿನ ಬಾಡಿಗೆ ಕೊಟ್ಟಂತೆ ಆಯಿತು.

ಇನ್ನು ಹಾಜರಿಯ ವಿಷಯ. ಬಾಗಿಲ ಬಳಿ ಕಾರ್ಡು ಮುಟ್ಟಿಸುತ್ತೀರಿ, ಇಲ್ಲವೇ ಪರದೆಯ ಮೇಲಿನ ಕೋಡನ್ನು ಫೋನಿನಲ್ಲಿ ಹಿಡಿಯುತ್ತೀರಿ. ಅದು ನಿಮ್ಮ ಕಲಿಕೆಯ ದಾಖಲೆ ಎಂದು ಭಾವಿಸಬೇಡಿ. ನಿಮಗೆ ವೀಸಾ ಪ್ರಾಯೋಜಿಸಿರುವ ವಿಶ್ವವಿದ್ಯಾಲಯ, ನೀವು ನಿಜಕ್ಕೂ ಓದುತ್ತಿದ್ದೀರಿ ಎಂದು ಗೃಹ ಇಲಾಖೆಗೆ ತೋರಿಸಬೇಕಾದ ದಾಖಲೆ ಅದು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ ಈ ಊರಿನಲ್ಲೇ ಉದಾಹರಣೆ ಇದೆ. 2012ರ ಆಗಸ್ಟಿನಲ್ಲಿ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯಕ್ಕೆ ಯೂರೋಪಿನ ಆಚೆಯ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಪರವಾನಗಿಯನ್ನು ಸರ್ಕಾರ ರದ್ದು ಮಾಡಿತು. ಕೊಟ್ಟ ಕಾರಣಗಳಲ್ಲಿ ಹಾಜರಿಯ ಮೇಲೆ ಸರಿಯಾದ ನಿಗಾ ಇಲ್ಲ ಎಂಬುದೂ ಒಂದು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದಿನ ನಡುವೆ ಅತಂತ್ರರಾದರು. ಮರುವರ್ಷ ಪರವಾನಗಿ ವಾಪಸ್ಸು ಸಿಕ್ಕಿತು, ಆದರೆ ಆ ಬೇಸಿಗೆಯ ಆತಂಕ ಲಂಡನ್ನಿನ ಎಲ್ಲ ವಿಶ್ವವಿದ್ಯಾಲಯಗಳಿಗೂ ಪಾಠವಾಯಿತು. ಗೆಳೆಯನ ಕೈಯಲ್ಲಿ ಕಾರ್ಡು ಕೊಟ್ಟು ಕಳಿಸುವ ಪ್ರಾಕ್ಸಿ ಊರಿನಲ್ಲಿ ತಮಾಷೆ, ಇಲ್ಲಿ ವೀಸಾಕ್ಕೆ ಕುತ್ತು.

ಕಾರ್ಡು ಮುಟ್ಟಿಸುವುದೇ ಹಾಜರಿ ಅಂದುಕೊಂಡರೆ ಅದಕ್ಕೂ ಲಂಡನ್ನಿನಲ್ಲಿ ಹಳೆಯ ದೃಷ್ಟಾಂತ ಇದೆ. 1888ರಲ್ಲಿ ಬ್ಯಾರಿಸ್ಟರ್ ಓದಲು ಬಂದ ಮೋಹನದಾಸ ಗಾಂಧಿ ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆ ಸೇರಿದರು. ಅಲ್ಲಿ ಹಾಜರಿ ಲೆಕ್ಕ ಹಾಕುತ್ತಿದ್ದದ್ದು ಭೋಜನಕೂಟಗಳಲ್ಲಿ. ಒಂದು ಟರ್ಮಿನಲ್ಲಿ ಸುಮಾರು 24 ಊಟಗಳಿದ್ದರೆ ಕನಿಷ್ಠ ಆರಕ್ಕೆ ಹೋಗಿ ಕೂರಬೇಕು. ಹೀಗೆ 12 ಟರ್ಮು. ಉಣ್ಣಲೇಬೇಕೆಂದಿಲ್ಲ, ಮುಗಿಯುವ ತನಕ ಕೂತಿದ್ದರೆ ಸಾಕು. ಪರೀಕ್ಷೆಗೋ, ರೋಮನ್ ಕಾನೂನನ್ನು ಒಂದೆರಡು ವಾರ ನೋಟ್ಸು ತಿರುವಿ ಪಾಸು ಮಾಡಿದವರನ್ನು ತಾವು ಕಂಡಿದ್ದಾಗಿ ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರು ಮಾತ್ರ ನೋಟ್ಸು ಬಿಟ್ಟು ಮೂಲ ಪಠ್ಯಗಳನ್ನೇ ಕೊಂಡರು, ರೋಮನ್ ಕಾನೂನನ್ನು ಲ್ಯಾಟಿನ್ನಿನಲ್ಲೇ ಓದಿದರು, ಇಂಗ್ಲೆಂಡಿನ ಕಾನೂನನ್ನು ಓದಲು ಒಂಬತ್ತು ತಿಂಗಳು ದುಡಿದರು. 1891ರ ಜೂನ್ 10ರಂದು ಅವರು ಬ್ಯಾರಿಸ್ಟರ್ ಆದರು. ಊಟದ ಹಾಜರಿ ಎಲ್ಲರಿಗೂ ತುಂಬಿತ್ತು, ನೋಟ್ಸೂ ಎಲ್ಲರಿಗೂ ಸಿಗುತ್ತಿತ್ತು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಅವರಿಗೆ ಕೆಲಸಕ್ಕೆ ಬಂದದ್ದು ಆ ಲ್ಯಾಟಿನ್ ಓದು, ಏಕೆಂದರೆ ಅಲ್ಲಿನ ಕಾನೂನಿಗೆ ರೋಮನ್ ತಳಹದಿ ಇತ್ತು.

ಗಾಂಧಿ ಲಂಡನ್ನಿಗೆ ಬರುವುದಕ್ಕಿಂತ 76 ವರ್ಷ ಹಿಂದೆ, 1812ರಲ್ಲಿ, ಇದೇ ಊರಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋದ. ಹೆಸರು ಮೈಕೆಲ್ ಫ್ಯಾರಡೆ. ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳ ಟಿಕೆಟನ್ನು ಅಂಗಡಿಯ ಗಿರಾಕಿಯೊಬ್ಬರು ಕೊಟ್ಟಿದ್ದರು. ನಾಲ್ಕು ಉಪನ್ಯಾಸ ಕೇಳಿದ, ಕೂತಲ್ಲೇ ಗುರುತು ಹಾಕಿಕೊಂಡ, ಮನೆಗೆ ಹೋಗಿ ಅದನ್ನು ವಿಸ್ತರಿಸಿ ಚಿತ್ರ ಸಮೇತ ಬರೆದ. ಸುಮಾರು 300 ಪುಟವಾಯಿತು, ತಾನೇ ರಟ್ಟು ಕಟ್ಟಿದ, ಆ ವರ್ಷದ ಕೊನೆಗೆ ಡೇವಿಗೇ ಕಳಿಸಿದ. 1813ರ ಮಾರ್ಚಿನಲ್ಲಿ ಅದೇ ಸಂಸ್ಥೆಯಲ್ಲಿ ಅವನಿಗೆ ಪ್ರಯೋಗಾಲಯದ ಸಹಾಯಕನ ಕೆಲಸ ಸಿಕ್ಕಿತು. ವಿದ್ಯುತ್ತಿನ ಚರಿತ್ರೆಯಲ್ಲಿ ಮುಂದೆ ಏನಾಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಡೇವಿಯ ಉಪನ್ಯಾಸದ ಟಿಪ್ಪಣಿ ಅಚ್ಚಾಗಿ ಸಿಕ್ಕಿದ್ದರೆ ಫ್ಯಾರಡೆಗೆ ಆ ಕಷ್ಟ ಇರುತ್ತಿರಲಿಲ್ಲ, ಆ 300 ಪುಟಗಳೂ ಇರುತ್ತಿರಲಿಲ್ಲ ಎಂದು ಯಾರಾದರೂ ವಾದಿಸಬಹುದು. ಸ್ಲೈಡು ಕೊಡದ ಮೇಷ್ಟ್ರಿಗೆ ಪ್ರಿಯವಾದ ವಾದ ಅದು. ನನಗೆ ಒಪ್ಪಿಗೆಯಿಲ್ಲ. ಅವನ ಪುಸ್ತಕದಲ್ಲಿ ಡೇವಿಗೆ ಕಂಡದ್ದು ಕೇಳಿದವನ ಉತ್ಸಾಹ, ನೆನಪಿನ ಶಕ್ತಿ ಮತ್ತು ಗಮನ. ಬರೆದುಕೊಳ್ಳುವುದನ್ನು ಸ್ಲೈಡು ತಪ್ಪಿಸಬಾರದು, ಬರೆದುಕೊಳ್ಳಬೇಕಾದದ್ದನ್ನು ಬದಲಿಸಬೇಕು. ಸೂತ್ರ ನಿಮ್ಮ ಮುಂದೆ ಇದೆ, ಅದನ್ನು ನಕಲು ಮಾಡಬೇಡಿ. ಪಕ್ಕದಲ್ಲಿ ‘ಇಲ್ಲಿ ಏಕೆ ಎರಡರಿಂದ ಭಾಗಿಸಿದರು?’ ಎಂದು ಬರೆಯಿರಿ. ಬಂದು ಕೂತ ಮಾತ್ರಕ್ಕೆ ಎಲ್ಲ ಆಗುವುದಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಕಿಂಗ್ಸ್ ಕಾಲೇಜಿನ ತಾಣದ ಹೆಸರು ನೆನಪಿಸುವ ಕವಿ ಜಾನ್ ಕೀಟ್ಸ್ 1815ರಿಂದ ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದವನು. ಅವನ ಅಂಗರಚನಾ ಪಾಠದ ಟಿಪ್ಪಣಿ ಪುಸ್ತಕ ಉಳಿದಿದೆ, ಅಂಚುಗಳಲ್ಲಿ ಹೂವಿನ ಚಿತ್ರಗಳಿವೆ. ಪರೀಕ್ಷೆ ಪಾಸು ಮಾಡಿದ, ವೈದ್ಯನಾಗಲಿಲ್ಲ. ತನ್ನ ಮನಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಅವನೂ ಕ್ಲಾಸಿನಲ್ಲಿ ಕೂತೇ ಕಂಡುಕೊಂಡಿರಬೇಕು.

ಈಗ ದುಡ್ಡಿನ ವಿಷಯ. ಅದನ್ನು ಬಿಟ್ಟು ಹಾಜರಿಯ ಉಪದೇಶ ಮಾಡಿದರೆ ಅದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ನಿಮ್ಮಲ್ಲಿ ಬಹುಪಾಲು ಜನ ಕ್ಲಾಸು ತಪ್ಪಿಸುವುದು ನಿದ್ದೆಗಾಗಿ ಅಲ್ಲ, ಶಿಫ್ಟಿಗಾಗಿ. ಸೂಪರ್‌ಮಾರ್ಕೆಟ್, ಕೇರ್ ಹೋಮ್, ಗೋದಾಮು, ಕಾಫಿ ಅಂಗಡಿ. 21 ತುಂಬಿದವರಿಗೆ ಇಲ್ಲಿನ ಕನಿಷ್ಠ ಕೂಲಿ 2025ರ ಏಪ್ರಿಲಿನಲ್ಲಿ ಗಂಟೆಗೆ 12.21 ಪೌಂಡು ಆಯಿತು. ಆರು ಗಂಟೆಯ ಶಿಫ್ಟು ಸಿಕ್ಕಿದರೆ ವಾರದ ದಿನಸಿ ಬಂತು. ಇತ್ತ ನಿಮ್ಮ ಶುಲ್ಕ 24,000 ಪೌಂಡು ಎಂದಿಟ್ಟುಕೊಳ್ಳಿ. ಎರಡು ಟರ್ಮುಗಳಲ್ಲಿ ನಿಮಗೆ ಸಿಗುವ ಪಾಠ ಒಟ್ಟು 240 ಗಂಟೆ ಎನ್ನೋಣ. ಗಂಟೆಗೆ ನೂರು ಪೌಂಡು ಆಯಿತು. ಲೈಬ್ರರಿ, ಪ್ರಬಂಧದ ಮಾರ್ಗದರ್ಶನ ಇವೂ ಅದರಲ್ಲಿ ಸೇರಿವೆ ಎಂದು ಅರ್ಧ ಕಳೆದರೂ ಐವತ್ತು ಪೌಂಡು. ಹನ್ನೆರಡು ಪೌಂಡಿಗಾಗಿ ಐವತ್ತು ಪೌಂಡಿನದನ್ನು ಬಿಡುವುದು ಲೆಕ್ಕದಲ್ಲಿ ದಡ್ಡತನ. ಆದರೆ ಆ ಹನ್ನೆರಡು ಇದೇ ಶುಕ್ರವಾರ ಕೈಗೆ ಬರುತ್ತದೆ, ಬಾಡಿಗೆಯೂ ಶುಕ್ರವಾರವೇ ಕೊಡಬೇಕು. ಈ ಲೆಕ್ಕವೂ ನನಗೆ ಗೊತ್ತು.

ಆದ್ದರಿಂದ ಎರಡನ್ನೂ ಹೊಂದಿಸುವ ದಾರಿ ಹೇಳುತ್ತೇನೆ. ಪದವಿ ಓದುವ ವಿದ್ಯಾರ್ಥಿ ವೀಸಾದವರು ಟರ್ಮಿನ ಸಮಯದಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಸ್ನಾತಕೋತ್ತರದವರಿಗೆ ಪ್ರಬಂಧ ಬರೆಯುವ ಬೇಸಿಗೆಯ ತಿಂಗಳುಗಳೂ ಸಾಮಾನ್ಯವಾಗಿ ಟರ್ಮಿನ ಲೆಕ್ಕಕ್ಕೇ ಬರುತ್ತವೆ, ರಜೆ ಎಂದುಕೊಂಡು ಮೋಸಹೋಗಬೇಡಿ. ಸ್ವಂತ ಉದ್ಯೋಗಕ್ಕೆ ಈ ವೀಸಾದಲ್ಲಿ ಅವಕಾಶ ಇಲ್ಲ, ಹಾಗಾಗಿ ಬೇರೆಯವರ ಖಾತೆಯಲ್ಲಿ ಸೈಕಲ್ ಮೇಲೆ ಊಟ ಹಂಚುವ ಸಾಹಸ ಬೇಡವೇ ಬೇಡ. ಟೈಮ್‌ಟೇಬಲ್ ಕೈಗೆ ಬಂದ ದಿನವೇ ಮ್ಯಾನೇಜರಿಗೆ ತೋರಿಸಿ ಯಾವ ದಿನ ಆಗುವುದಿಲ್ಲ ಎಂದು ಬರೆದುಕೊಡಿ. ಶಿಫ್ಟು ಹಂಚಿದ ಮೇಲೆ ಬದಲಿಸುವುದು ಕಷ್ಟ, ಹಂಚುವ ಮೊದಲು ಸುಲಭ. 18 ದಾಟಿದ ವಿದ್ಯಾರ್ಥಿಗಳ ಆಯ್‌ಸ್ಟರ್ ಕಾರ್ಡ್ ಮಾಡಿಸಿದರೆ ಟ್ರಾವೆಲ್‌ಕಾರ್ಡಿನಲ್ಲಿ ಶೇಕಡಾ 30 ಉಳಿಯುತ್ತದೆ. ಅನೇಕರು ಅದನ್ನೂ ಮಾಡಿಸದೆ ಪ್ರಯಾಣದ ಖರ್ಚಿಗೆ ಹೆದರಿ ಮನೆಯಲ್ಲೇ ಉಳಿಯುತ್ತಾರೆ.

ಏನು ಮಾಡಿದರೂ ವಾರದಲ್ಲಿ ಒಂದು ಕ್ಲಾಸು ತಪ್ಪಿಸಲೇಬೇಕು ಎಂದಾದರೆ ಲೆಕ್ಚರನ್ನು ತಪ್ಪಿಸಿ, ಸೆಮಿನಾರನ್ನು ತಪ್ಪಿಸಬೇಡಿ. ಇನ್ನೂರು ಜನರ ಲೆಕ್ಚರಿಗೆ ರೆಕಾರ್ಡಿಂಗ್ ಇರುತ್ತದೆ, ಇಪ್ಪತ್ತು ಜನರ ಸೆಮಿನಾರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಬಿನಲ್ಲಿ ಕಂಪ್ಯೂಟರ್ ಮೇಲೆ ಕೈ ಇಟ್ಟು ಮಾಡುವ ಕೆಲಸವನ್ನಂತೂ ತಪ್ಪಿಸಲೇಬೇಡಿ. ತಪ್ಪಿಸುವ ಮೊದಲು ಒಂದು ಸಾಲಿನ ಮೇಲ್ ಹಾಕಿ. ಮೈ ಹುಷಾರಿಲ್ಲ, ಶಿಫ್ಟು ಬಿಡಲಿಲ್ಲ, ಊರಿನಿಂದ ಕೆಟ್ಟ ಸುದ್ದಿ ಬಂತು, ಯಾವುದಾದರೂ ಸರಿ. ಮೌನವಾಗಿ ಮಾಯವಾದವರ ಬಗ್ಗೆ ಇಲ್ಲಿ ವ್ಯವಸ್ಥೆ ಮೊದಲು ಆತಂಕಪಡುತ್ತದೆ, ಆಮೇಲೆ ಅನುಮಾನಪಡುತ್ತದೆ.

ನಮ್ಮ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕಿದೆ, ಅದು ಸಂಕೋಚದ್ದು. ಎಲ್ಲರೂ ಪ್ರೊಫೆಸರರನ್ನು ಹೆಸರು ಹಿಡಿದು ಕರೆಯುತ್ತಾರೆ, ನಿಮಗೆ ನಾಲಗೆ ಏಳುವುದಿಲ್ಲ. ಬೇಡ, ‘ಪ್ರೊಫೆಸರ್’ ಎಂದೇ ಕರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮಾತು ಮಾತ್ರ ಆಡಿ. ಕ್ಲಾಸಿನಲ್ಲಿ ಕೈ ಎತ್ತಲು ಹೆದರಿಕೆಯಾದರೆ ವಾರಕ್ಕೆ ಎರಡು ಗಂಟೆ ನಾವು ವಿದ್ಯಾರ್ಥಿಗಳಿಗೆಂದೇ ಬಾಗಿಲು ತೆರೆದು ಕೂರುತ್ತೇವೆ, ಅದಕ್ಕೆ ಇಲ್ಲಿ ಆಫೀಸ್ ಅವರ್ಸ್ ಎನ್ನುತ್ತಾರೆ. ಅಲ್ಲಿಗೆ ಬರಲು ದೂರು ಇರಬೇಕಿಲ್ಲ, ಅಪ್ಪಣೆ ಬೇಕಿಲ್ಲ. ಕೋರ್ಸು ಮುಗಿದ ಮೇಲೆ ಕೆಲಸ ಹುಡುಕಲು ಗ್ರಾಜುಯೇಟ್ ವೀಸಾದ ಕಾಲ ಇದುವರೆಗೆ ಎರಡು ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಾಗುತ್ತದೆ. ಕೆಲಸ ಹುಡುಕುವಾಗ ನಿಮಗೆ ಶಿಫಾರಸು ಪತ್ರ ಬೇಕು. ಮುಖವನ್ನೇ ನೋಡದ ವಿದ್ಯಾರ್ಥಿಯ ಬಗ್ಗೆ ‘ಇಂಥ ವರ್ಷ ಈ ಕೋರ್ಸು ಓದಿದ್ದಾರೆ’ ಎಂದಷ್ಟೇ ಬರೆಯಬಹುದು. ಮುಖ್ಯವಾದ ಪ್ರಶ್ನೆ ಎತ್ತಿ ನನ್ನನ್ನು ತಡೆದು ನಿಲ್ಲಿಸಿದವಳ ಬಗ್ಗೆ ಒಂದು ಪುಟ ಬರೆಯಬಹುದು.

ನಿಮ್ಮಿಂದ ಇಷ್ಟು ಕೇಳಿದ ಮೇಲೆ ನನ್ನ ಕಡೆಯಿಂದ ಏನು ಎಂಬುದನ್ನೂ ಹೇಳಬೇಕು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚುವ ಕ್ಲಾಸುಗಳಿಗೆ ಹೋಲಿಸಿದರೆ ಮೇಷ್ಟ್ರು ಒಬ್ಬರೇ ಮಾತಾಡುವ ಕ್ಲಾಸುಗಳಲ್ಲಿ ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು. ಅಂದರೆ ಖಾಲಿ ಬೆಂಚಿಗೆ ನಿಮ್ಮನ್ನಷ್ಟೇ ಹೊಣೆ ಮಾಡುವಂತಿಲ್ಲ. ಫ್ಯಾರಡೆ 1813ರಲ್ಲೇ, ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ, ಉಪನ್ಯಾಸ ಹೇಗಿರಬೇಕು ಎಂದು ಗೆಳೆಯನಿಗೆ ಉದ್ದುದ್ದ ಪತ್ರ ಬರೆದಿದ್ದ. ಯಾರಿಗಾದರೂ ಒಂದು ಗಂಟೆ ಸಾಕು ಎಂಬುದು ಅವನ ಅಭಿಪ್ರಾಯಗಳಲ್ಲಿ ಒಂದು.

ನನ್ನ ಮಾತು ಹೀಗಿದೆ. ಸ್ಲೈಡಿನಲ್ಲಿ ಇರುವುದನ್ನು ನಿಮ್ಮ ಮುಂದೆ ಓದಿ ಹೇಳುವುದಿಲ್ಲ. ನೀವು ಓದಿ ಬಂದಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಪ್ರತಿ ಗಂಟೆಯಲ್ಲೂ ನೀವು ಪಕ್ಕದವರೊಂದಿಗೆ ಸೇರಿ ಬಿಡಿಸಬೇಕಾದ ಒಂದು ಸಮಸ್ಯೆ ಇರುತ್ತದೆ, ಅದರ ಉತ್ತರವನ್ನು ಅದೇ ಸಂಜೆ ಎಲ್ಲರಿಗೂ ಹಾಕುತ್ತೇನೆ. ಬಾರದವರಿಗೆ ಉತ್ತರ ಸಿಗುತ್ತದೆ, ಬಿಡಿಸುವಾಗ ಎಲ್ಲಿ ಎಡವಿದೆವು ಎಂಬುದು ಬಂದವರಿಗೆ ಮಾತ್ರ ಗೊತ್ತಿರುತ್ತದೆ. ನಿಮ್ಮ ಇಂಗ್ಲಿಷ್ ತಡವರಿಸಿದರೆ ಕಾಯುತ್ತೇನೆ. ಯಾರಾದರೂ ನಕ್ಕರೆ ಅವರಿಗೆ ಮುಂದಿನ ಪ್ರಶ್ನೆ ಕೇಳುತ್ತೇನೆ.

ಮೂರು ವಾರ ಬಂದು ನೋಡಿ. ಮನೆಯಲ್ಲಿ ಸ್ಲೈಡು ಓದಿ ಬಂದ ಮೇಲೂ ನನ್ನ ಕ್ಲಾಸಿನಲ್ಲಿ ಹೊಸದೇನೂ ಸಿಗಲಿಲ್ಲ ಎನ್ನಿಸಿದರೆ, ಟರ್ಮಿನ ಕೊನೆಯ ಫೀಡ್‌ಬ್ಯಾಕ್ ಫಾರಮ್ಮಿನಲ್ಲಿ ಹೆಸರಿಲ್ಲದೆ ಬರೆದು ಸುಮ್ಮನಾಗಬೇಡಿ. ನಾಲ್ಕನೆಯ ವಾರ ಕ್ಲಾಸಿನಲ್ಲೇ ಕೈ ಎತ್ತಿ ಹೇಳಿ. ಉಳಿದ ವಾರಗಳನ್ನು ಹೇಗೆ ನಡೆಸಬೇಕು ಎಂದು ಎಲ್ಲರೂ ಸೇರಿ ಅಲ್ಲೇ ಮಾತಾಡೋಣ. ಅದಕ್ಕೆ ಪ್ರತ್ಯೇಕ ಸ್ಲೈಡು ಇರುವುದಿಲ್ಲ, ನೀವು ಬರಲೇಬೇಕು.

ವಿಶ್ವಾಸದಿಂದ,
ಲಂಡನ್ನಿನಲ್ಲಿ ಪಾಠ ಮಾಡುವ ನಿಮ್ಮ ಊರಿನ ಒಬ್ಬ ಅಧ್ಯಾಪಕಿ